ಮುಳಬಾಗಿಲಿನ ಸುಳಾದಿ, ಅಭ್ಯಾಸದ ಏಣಿ

ಕಠಿಣ ರಚನೆಯನ್ನು ಅಳೆದು, ಬಿಡಿಸಿ, ಹಂತಹಂತವಾಗಿ ಸಾಧಿಸುವ ಕ್ರಮ ಪಿಯಾನೊ ಶಾಲೆಗಳದ್ದು ಮಾತ್ರ ಎಂಬ ನಂಬಿಕೆಗೆ ಮುಳಬಾಗಿಲೇ ಉತ್ತರ. 15ನೇ ಶತಮಾನದಲ್ಲಿ ಇಲ್ಲಿ ನೆಲೆಸಿದ್ದ ಶ್ರೀಪಾದರಾಜರು ಕನ್ನಡದಲ್ಲಿ ಸುಳಾದಿಗಳೆಂಬ ಬಹುತಾಳದ ಹಾಡುಗಳನ್ನು ರಚಿಸಿದರು. ಸುಳಾದಿಯ ಕಷ್ಟವೆಲ್ಲ ಖಂಡದಿಂದ ಖಂಡಕ್ಕೆ ತಾಳ ಬದಲಾಗುವುದರಲ್ಲಿದೆ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಧ್ರುವ ತಾಳದ 14 ಅಕ್ಷರಗಳಿಗೆ ಒಗ್ಗಿದ ಕೈ ಮಟ್ಯದ 10ಕ್ಕೆ ಹೊರಳಬೇಕು. ಆ ತಾಳಗಳನ್ನೇ ಒಂದೊಂದಾಗಿ ಬಿಡಿಸಿ ಸ್ವರ ಪೋಣಿಸಿದರೆ ಸಂಗೀತ ಪಾಠದಲ್ಲಿ ಮಕ್ಕಳು ಕಲಿಯುವ ಏಳು ಅಲಂಕಾರಗಳಾಗುತ್ತವೆ. ಅವುಗಳ ತಾಳಗಳಿಗೆ ಇಂದಿಗೂ ಸುಳಾದಿ ಸಪ್ತತಾಳ ಎಂದೇ ಹೆಸರು.

ಅಲಂಕಾರಗಳ ಶ್ರೇಯ ಪುರಂದರದಾಸರದ್ದಲ್ಲವೇ ಎಂದು ಕೇಳಬಹುದು. ಪರಂಪರೆ ಹಾಗೆನ್ನುವುದು ನಿಜ. ಆದರೆ ದಾಸರ ಗುರು ವ್ಯಾಸರಾಯರು, ವ್ಯಾಸರಾಯರ ವಿದ್ಯಾಗುರು ಶ್ರೀಪಾದರಾಜರು. ಪಾಠದ ಏಣಿಯನ್ನು ಕಟ್ಟಿದವರು ದಾಸರೇ ಇರಲಿ, ಅದಕ್ಕೆ ಬೇಕಾದ ಮರ ಮುಳಬಾಗಿಲಿನಲ್ಲೂ ಬೆಳೆದಿತ್ತು.