‘ಚಪಲ’: ಅಸ್ಥಿರತೆಯಿಂದ ಆಸೆಯವರೆಗೆ

ಬಾಯಿಚಪಲ, ಮಾತಿನ ಚಪಲ, ಅಧಿಕಾರದ ಚಪಲ - ಕನ್ನಡಿಗರ ನಿತ್ಯಬಳಕೆಯ ಈ ಮಾತುಗಳಲ್ಲಿ ‘ಚಪಲ’ ಎಂದರೆ ಹತ್ತಿಕ್ಕಲಾಗದ ಆಸೆ. ಆದರೆ ಮೂಲ ಸಂಸ್ಕೃತದಲ್ಲಿ ಈ ಪದದ ಪ್ರಧಾನಾರ್ಥ ಆಸೆಯಲ್ಲ, ಅಸ್ಥಿರತೆ.

ಸಾಂಪ್ರದಾಯಿಕ ವ್ಯಾಕರಣವು ಈ ಪದವನ್ನು ‘ಚುಪ್’ ಎಂಬ ಧಾತುವಿನಿಂದ ಸಾಧಿಸುತ್ತದೆ. ಧಾತುವಿನ ಅರ್ಥ ಮೆಲ್ಲನೆ ಚಲಿಸುವುದು. ಅದರಿಂದ ಹುಟ್ಟಿದ ಪದವಾದರೋ ಒಂದೆಡೆ ನಿಲ್ಲದ್ದನ್ನೆಲ್ಲ ಹೆಸರಿಸಿತು. ಅಮರಕೋಶದಲ್ಲಿ ‘ಚಂಚಲಾ’, ‘ಚಪಲಾ’ ಎರಡೂ ಮಿಂಚಿನ ಹೆಸರುಗಳು. ಒಬ್ಬರ ಬಳಿ ನೆಲೆಸದ ಲಕ್ಷ್ಮಿ ಚಪಲೆ. ಹಿಡಿತಕ್ಕೆ ಸಿಗದ ಪಾದರಸ ಚಪಲ. ನಾಲಿಗೆಗೂ ಕೋಶಗಳಲ್ಲಿ ಈ ಹೆಸರುಂಟು.

‘ಚಂಚಲ’ ಇದರ ಸಮಾನಾರ್ಥಕ. ಚಲನೆಯನ್ನು ಸೂಚಿಸುವ ‘ಚಲ್’ ಧಾತು ಇಮ್ಮಡಿಗೊಂಡು, ಮತ್ತೆ ಮತ್ತೆ ಅಲುಗುವುದೆಂಬ ಅರ್ಥ ಕೊಡುತ್ತದೆ. ಭಗವದ್ಗೀತೆಯ 6ನೇ ಅಧ್ಯಾಯದಲ್ಲಿ ಅರ್ಜುನನು ಮನಸ್ಸನ್ನು ಬಣ್ಣಿಸುವುದು ಈ ಪದದಿಂದಲೇ. ಅಭ್ಯಾಸ ಮತ್ತು ವೈರಾಗ್ಯಗಳಿಂದ ಅದನ್ನು ಹಿಡಿಯಬಹುದೆಂಬುದು ಕೃಷ್ಣನ ಉತ್ತರ.

ಕನ್ನಡದಲ್ಲಿ ಈ ಜೋಡಿಪದಗಳ ದಾರಿ ಬೇರೆಯಾಯಿತು. ಯಾವುದನ್ನು ಆರಿಸಬೇಕೆಂದು ತಿಳಿಯದೆ ತೊಯ್ದಾಡುವವನು ಚಂಚಲಚಿತ್ತ. ಚಪಲಗಾರನಿಗಾದರೋ ತನಗೆ ಬೇಕಾದುದು ಏನೆಂದು ಚೆನ್ನಾಗಿ ಗೊತ್ತು. ಬೇಡವೆನ್ನಲು ಮಾತ್ರ ಬಾರದು. ಸಂಸ್ಕೃತದ ಪದ ಮನಸ್ಸಿನ ಓಲಾಟವನ್ನು ಹೇಳಿದರೆ, ಕನ್ನಡದ ಬಳಕೆ ಆ ಓಲಾಟಕ್ಕೆ ಕಾರಣವಾದ ಆಸೆಯನ್ನೇ ಹೆಸರಿಸಿತು.

ಆರೋಪದ ಗುರಿಯೂ ಬದಲಾಗಿರುವುದು ಗಮನಾರ್ಹ. ‘ಚಪಲಾ’ ಎಂಬ ಸ್ತ್ರೀಲಿಂಗ ರೂಪಕ್ಕೆ ಸಂಸ್ಕೃತ ಕೋಶಗಳು ನಿಷ್ಠೆಯಿಲ್ಲದ ಹೆಂಡತಿ ಎಂಬ ಅರ್ಥವನ್ನೂ ಕೊಡುತ್ತವೆ. ಕನ್ನಡದ ಆಡುಮಾತು ‘ಚಪಲಚೆನ್ನಿಗರಾಯ’ ಎಂದು ಗೇಲಿ ಮಾಡುವುದು ಹೆಣ್ಣುಗಳ ಹಿಂದೆ ಸುತ್ತುವ ಗಂಡಸನ್ನು.

ಇಂದಿನ ಅರ್ಥವನ್ನು ಹಳೆಯ ಪದಕ್ಕೆ ಹೊರಿಸಿದರೆ ಅನರ್ಥವಾದೀತು. ಕಾವ್ಯದ ‘ಚಪಲಾಕ್ಷಿ’ ಕಾಮುಕಿಯಲ್ಲ. ಚಲಿಸುವ ಕಣ್ಣುಗಳ ಚೆಲುವೆ. ಹಿಂದಿಯಲ್ಲಿ ‘ಚಪಲ್’ ಎನ್ನಿಸಿಕೊಂಡ ಮಗು ಆಸೆಬುರುಕನಲ್ಲ. ಚುರುಕಾದ, ಒಂದೆಡೆ ಕೂರದ ಮಗು. ಒಬ್ಬರನ್ನು ಚಪಲರೆಂದು ಕರೆಯುವ ಮುನ್ನ, ಆ ಮಾತು ಯಾವ ಭಾಷೆಯದು, ಯಾವ ಕಾಲದ್ದು ಎಂಬುದನ್ನು ಗಮನಿಸುವುದು ಒಳಿತು.