ಟೆಂಪ್ಲೇಟು ಯಾರದ್ದು, ಫೋಟೊ ಯಾರದ್ದು?

ಕೆಲವು ವರ್ಷದ ಹಿಂದಿನ ಮಾತು. ಉಡುಪಿಯ ಪರಿಚಯದ ಜವಳಿ ಅಂಗಡಿ ಧನಿಗಳೊಬ್ಬರು ಫೋನ್ ಮಾಡಿದರು. "ನೋಡು ಮಾರಾಯಾ, ಎದುರಿನ ಅಂಗಡಿಯವ್ರು ನಮ್ಮ ವೆಬ್‌ಸೈಟನ್ನು ಹಾಗೇ ಎತ್ತಿದ್ದಾರೆ. ಬಣ್ಣ ಸಹ ಬಿಡ್ಲಿಲ್ಲ. ಎಂತ ಮಾಡುದು ಹೇಳು." ತೆರೆದು ನೋಡಿದೆ. ಹೌದು, ಎರಡೂ ಅವಳಿ ಮಕ್ಕಳ ಹಾಗೆ ಇದ್ದವು. ಆದರೆ ಒಳಗಿನ ಕೋಡ್ ನೋಡಿದಾಗ ನಗು ಬಂತು. ಇಬ್ಬರ ಸೈಟೂ ನಿಂತಿದ್ದದ್ದು ಪುಕ್ಕಟೆ ಸಿಗುವ ಒಂದೇ ಟೆಂಪ್ಲೇಟಿನ ಮೇಲೆ! ಎದುರಿನವರೂ ಇವರ ಮೇಲೆ ಇದೇ ದೂರು ಹೇಳುತ್ತಿದ್ದರಂತೆ.

ಈ ಜಗಳ ನಮ್ಮ ಕಡೆಯವರಿಗೆ ಹೊಸತಲ್ಲ ಬಿಡಿ. ಊರು ಬಿಟ್ಟು ಮದ್ರಾಸು, ಬೊಂಬಾಯಿ, ಬೆಂಗಳೂರು ಸೇರಿದವರು ಹೋಟೆಲಿಟ್ಟು ಬೋರ್ಡಿನ ಮೇಲೆ 'ಉಡುಪಿ' ಅಂತ ಬರೆಸಿದರು. ಮುಂದಿನ ಬೀದಿಯವನೂ ಬರೆಸಿದ. ಊರಿನ ಹೆಸರನ್ನು ಒಬ್ಬನೇ ಕಟ್ಟಿಕೊಂಡು ಹೋಗುವುದು ಹೇಗೆ? 1999ರ ಟ್ರೇಡ್‌ಮಾರ್ಕ್ ಕಾಯ್ದೆಯೂ ಬರೀ ಊರಿನ ಹೆಸರನ್ನು ಒಬ್ಬರಿಗೆ ಸುಲಭದಲ್ಲಿ ಬಿಟ್ಟುಕೊಡುವುದಿಲ್ಲ. ತಿಂಡಿಯ ಕತೆಯೂ ಅಷ್ಟೆ. ಪಾರಂಪಳ್ಳಿಯ ಮಯ್ಯರು 1924ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ ಹೋಟೆಲೇ ಮುಂದೆ ಎಂಟಿಆರ್ ಆಯಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಅಂತ ಅವರು ಹೇಳುತ್ತಾರೆ. ಇವತ್ತು ರವೆ ಇಡ್ಲಿ ಎಲ್ಲಿ ಸಿಗುವುದಿಲ್ಲ ಹೇಳಿ?

ಹಾಗಂತ ಎಲ್ಲವೂ ಎಲ್ಲರದ್ದು ಅಂದರೆ ಅದೂ ತಪ್ಪು. ಇದನ್ನು ಕೋರ್ಟಿನಲ್ಲಿ ತೂಗಿ ನೋಡಿದ್ದು ನಮ್ಮ ಉಡುಪಿಯಲ್ಲೇ. ಆದರೆ ಅಲ್ಲಿದ್ದದ್ದು ಅಂಗಡಿ ವಿಷಯ ಅಲ್ಲ, ಯಕ್ಷಗಾನ.

ಯಕ್ಷಗಾನ ಯಾರೊಬ್ಬರ ಆಸ್ತಿಯೂ ಅಲ್ಲ. ಶಿವರಾಮ ಕಾರಂತರು ಅದನ್ನೇ ತೆಗೆದುಕೊಂಡು ವೇಷಭೂಷಣ, ಕುಣಿತ, ರಂಗಸಜ್ಜಿಕೆ ಎಲ್ಲದರಲ್ಲೂ ತಮ್ಮ ಕೈ ಆಡಿಸಿ 'ಯಕ್ಷರಂಗ' ಬ್ಯಾಲೆ ಕಟ್ಟಿದರು. 1994ರ ಜೂನ್ 18ರಂದು ಬರೆದ ಉಯಿಲಿನಲ್ಲಿ ಹಕ್ಕನ್ನು ಬಿ. ಮಾಲಿನಿ ಮಲ್ಯರಿಗೆ ಬಿಟ್ಟರು. 1997ರಲ್ಲಿ ತೀರಿಕೊಂಡರು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕಡೆಯಿಂದ ದೆಹಲಿಯಲ್ಲಿ 'ಅಭಿಮನ್ಯು ವಧೆ' ಪ್ರದರ್ಶನವಾಯಿತು. ಒಪ್ಪಿಗೆ ಕೇಳಲಿಲ್ಲ ಅಂತ ಮಲ್ಯರು ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಕಾರಂತರು ನಮ್ಮ ಯಕ್ಷಗಾನ ಕೇಂದ್ರದ ನಿರ್ದೇಶಕರಾಗಿದ್ದವರು, ಹಾಗಾಗಿ ಹಕ್ಕು ನಮ್ಮದು ಅಂತ ಅಕಾಡೆಮಿಯ ವಾದ. ಇದು ಕೇಳಿದಾಗ ನನ್ನಂಥ ಕಂಪನಿ ನೌಕರನ ಕಿವಿ ನೆಟ್ಟಗಾಗುತ್ತದೆ, ಯಾಕಂದ್ರೆ ನಾವು ಬರೆಯುವ ಕೋಡೂ ಹಾಗೇ ಕಂಪನಿಯದ್ದು. ಆದರೆ ಕೋರ್ಟು ಆ ವಾದ ಒಪ್ಪಲಿಲ್ಲ. ಕಾರಂತರ ವೇಷ, ಕುಣಿತ, ನಿರ್ದೇಶನದಲ್ಲೇ ಆಡಿಸುವುದಾದರೆ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಡೆದುಕೊಳ್ಳಬೇಕು ಅಂತಾಯಿತು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಉಳಿಸಿಕೊಂಡೇ, ಕಾಯ್ದೆಯಲ್ಲಿರುವ ವಿನಾಯಿತಿಗಳನ್ನು ಅಕಾಡೆಮಿ ಬಳಸಿಕೊಳ್ಳಬಹುದು ಅಂದಿತು. ಶಿಕ್ಷಣದ ಅಂಗವಾಗಿ ವಿದ್ಯಾರ್ಥಿಗಳು ಆಡುವುದು, ದುಡ್ಡು ತೆಗೆದುಕೊಳ್ಳದ ಹವ್ಯಾಸಿ ಪ್ರದರ್ಶನ, ಇಂಥವು.

ಇದರಲ್ಲಿ ನನಗೆ ಅರ್ಥ ಆದದ್ದು ಇಷ್ಟು: ಪರಂಪರೆಯಿಂದ ಬಂದದ್ದು ಎಲ್ಲರದ್ದು, ಅದಕ್ಕೆ ಒಬ್ಬ ಕೂತು ಸೇರಿಸಿದ್ದು ಆ ಒಬ್ಬನದ್ದು. ಕಾಯ್ದೆಯ ಲೆಕ್ಕದಲ್ಲಿ ನಾವು ಬರೆಯುವ ಪ್ರೋಗ್ರಾಮೂ ಸಾಹಿತ್ಯ ಕೃತಿಯೇ. ಹಾಗಾಗಿ ಎರಡು ಸೈಟು ಒಂದೇ ಥರ ಉಂಟಾ ಅಂತ ನೋಡಿದರೆ ಸಾಲದು, ಯಾರು ಏನು ಸೇರಿಸಿದ್ದಾರೆ ಅಂತ ನೋಡಬೇಕು.

ಹಾಗೆ ನೋಡಿದಾಗಲೇ ನಾನು ಸಿಕ್ಕಿಬಿದ್ದದ್ದು. ಧನಿಗಳ ಸೈಟಿನಲ್ಲಿ ನಾಲ್ಕು ಸೀರೆಯ ಫೋಟೊ ಇತ್ತು. ಒಂದರ ಮೂಲೆಯಲ್ಲಿ ಗೋಡೆ ಗಡಿಯಾರ, ಅದರ ಮೇಲೆ ಎದುರಿನ ಅಂಗಡಿಯ ಹೆಸರು! ಸೈಟು ಮಾಡಿದ ಹುಡುಗ ಅಲ್ಲಿಂದಲೇ ಎತ್ತಿದ್ದ. ಹೇಳುವುದೋ ಬಿಡುವುದೋ? ಚಿಕ್ಕಂದಿನಿಂದ ಹಬ್ಬಕ್ಕೆ ನಮ್ಮ ಮನೆಗೆ ಸಾಲದಲ್ಲಿ ಬಟ್ಟೆ ಕೊಟ್ಟವರು ಅವರು. ಕಡೆಗೆ ಹೇಳಿದೆ. "ಟೆಂಪ್ಲೇಟು ನಿಮ್ಮದೂ ಅಲ್ಲ, ಅವರದ್ದೂ ಅಲ್ಲ. ಫೋಟೊ ಮಾತ್ರ ಅವರದ್ದು."

ಆಚೆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹಾಗಾದ್ರೆ ತೆಗ್ಸು ಮಾರಾಯಾ" ಅಂದರು. ಮರುದಿನ ಅವರ ಮಗಳು ಅಂಗಡಿಯ ಜಗಲಿಯಲ್ಲಿ ಸೀರೆ ಹರಡಿ ಹೊಸ ಫೋಟೊ ತೆಗೆದಳು. ಬೆಳಕು ಸ್ವಲ್ಪ ಕಮ್ಮಿ. ಆದರೂ ಈಗ ಆ ಸೈಟು ನೋಡಿದರೆ ಅವರದ್ದೇ ಅಂಗಡಿ ಅಂತ ಗೊತ್ತಾಗುತ್ತದೆ.