ಮೋಟರ್‌ಹೋಮ್ ಹೀಟರ್ ಹೋಸ್

ಹೀಟರ್ ಹೋಸ್ ಎಂಬುದು ವಾಹನದ ಎಂಜಿನ್‌ನಲ್ಲಿ ಬಿಸಿಯಾದ ಕೂಲಂಟ್ ದ್ರವವನ್ನು ಒಳಾಂಗಣದ ಹೀಟರ್ ಕೋರ್‌ಗೆ ಒಯ್ದು, ಮರಳಿ ಎಂಜಿನ್‌ಗೆ ತಲುಪಿಸುವ ಬಲವರ್ಧಿತ ರಬ್ಬರ್ ಕೊಳವೆಯಾಗಿದೆ. ಮಲಗುವ, ಅಡುಗೆ ಮಾಡುವ ಸೌಕರ್ಯಗಳಿರುವ ಮೋಟರ್‌ಹೋಮ್‌ಗಳಲ್ಲಿ ಈ ಕೊಳವೆಗಳು ಕಾರಿನಲ್ಲಿರುವುದಕ್ಕಿಂತ ಉದ್ದವಾಗಿದ್ದು, ಕೈಗೆಟುಕದ ಸ್ಥಳಗಳಲ್ಲಿ ಹಾದುಹೋಗುತ್ತವೆ. ಇವು ಒಡೆದರೆ ಎಂಜಿನ್ ಅತಿಯಾಗಿ ಬಿಸಿಯಾಗಿ ಹಾಳಾಗುವ ಸಾಧ್ಯತೆಯಿರುವುದರಿಂದ, ಹಳೆಯ ಕೊಳವೆಗಳನ್ನು ಮುಂಚಿತವಾಗಿಯೇ ಬದಲಾಯಿಸುವುದು ನಿರ್ವಹಣೆಯ ಮುಖ್ಯ ಭಾಗವಾಗಿದೆ.

ರಚನೆ
ಸಾಮಾನ್ಯ ಹೀಟರ್ ಹೋಸ್‌ನ ಒಳಪದರ ಮತ್ತು ಹೊರಪದರಗಳನ್ನು ಇಪಿಡಿಎಂ ಎಂಬ ಸಂಶ್ಲೇಷಿತ ರಬ್ಬರ್‌ನಿಂದ ತಯಾರಿಸಲಾಗುತ್ತದೆ. ಇವುಗಳ ನಡುವೆ ಒತ್ತಡವನ್ನು ತಡೆಯುವ ನೂಲಿನ ಹೆಣಿಗೆ ಇರುತ್ತದೆ. 16 ಮಿ.ಮೀ. (5/8 ಅಂಗುಲ) ಮತ್ತು 19 ಮಿ.ಮೀ. (3/4 ಅಂಗುಲ) ಒಳವ್ಯಾಸದ ಕೊಳವೆಗಳು ಹೆಚ್ಚು ಬಳಕೆಯಲ್ಲಿವೆ. ಅಮೆರಿಕದಲ್ಲಿ ಇವುಗಳ ಗುಣಮಟ್ಟವನ್ನು ಎಸ್‌ಎಇ ಜೆ20 ಮಾನದಂಡವು ನಿರ್ದೇಶಿಸುತ್ತದೆ. ಸಿಲಿಕೋನ್ ಕೊಳವೆಗಳು ಹೆಚ್ಚಿನ ಶಾಖವನ್ನು ತಾಳಿಕೊಳ್ಳುತ್ತವೆ. ಆದರೆ ಅವು ಮೃದುವಾಗಿರುವುದರಿಂದ ಕೊಳವೆಯನ್ನು ಕೊಯ್ಯದಂತಹ ವಿಶೇಷ ಕ್ಲಾಂಪ್‌ಗಳು ಬೇಕಾಗುತ್ತವೆ.

ಮೋಟರ್‌ಹೋಮ್‌ಗಳಲ್ಲಿ ವಿನ್ಯಾಸ
ಎಂಜಿನ್ ಮುಂಭಾಗದಲ್ಲಿರುವ ಮೋಟರ್‌ಹೋಮ್‌ಗಳಲ್ಲಿ ಡ್ಯಾಶ್‌ಬೋರ್ಡ್ ಹೀಟರ್‌ನ ಕೊಳವೆಗಳು ಗಿಡ್ಡವಾಗಿರುತ್ತವೆ. ಆದರೆ ಅವು ಎಂಜಿನ್ ಮುಚ್ಚಳದಡಿಯ ತೀವ್ರ ಶಾಖಕ್ಕೆ ಒಳಗಾಗುತ್ತವೆ. ಡೀಸೆಲ್ ಎಂಜಿನ್ ಹಿಂಭಾಗದಲ್ಲಿರುವ ದೊಡ್ಡ ವಾಹನಗಳಲ್ಲಿ ಕೊಳವೆಗಳು ಚಾಸಿಯ ಉದ್ದಕ್ಕೂ ಸಾಗಿ ಚಾಲಕನ ಬಳಿಗೆ ಬರುತ್ತವೆ. ಸುಮಾರು 12 ಮೀಟರ್ ಉದ್ದದ ವಾಹನದಲ್ಲಿ ಹೋಗುವ ಮತ್ತು ಮರಳುವ ಕೊಳವೆಗಳ ಒಟ್ಟು ಉದ್ದ 20 ಮೀಟರ್ ತಲುಪಬಹುದು. 19 ಮಿ.ಮೀ. ಒಳವ್ಯಾಸದ ಇಷ್ಟು ಉದ್ದದ ಕೊಳವೆಯು ಸುಮಾರು 5.7 ಲೀಟರ್ ಕೂಲಂಟ್ ಹಿಡಿಯುತ್ತದೆ. ಕೆಲವು ವಾಹನಗಳಲ್ಲಿ ಸ್ನಾನದ ನೀರನ್ನು ಎಂಜಿನ್ ಶಾಖದಿಂದಲೇ ಕಾಯಿಸುವ ವ್ಯವಸ್ಥೆಯಿದ್ದು, ಅದಕ್ಕೂ ಪ್ರತ್ಯೇಕ ಕೊಳವೆಗಳಿರುತ್ತವೆ.

ಸವಕಳಿಯ ಕಾರಣಗಳು
ರಬ್ಬರ್ ಓಡಿದ ದೂರದಿಂದ ಮಾತ್ರವಲ್ಲದೆ ಕಾಲಕ್ರಮದಿಂದಲೂ ಹಳೆಯದಾಗುತ್ತದೆ. ವರ್ಷದ ಬಹುಭಾಗ ನಿಂತೇ ಇರುವ ಮೋಟರ್‌ಹೋಮ್ ಕಡಿಮೆ ದೂರ ಓಡಿದ್ದರೂ ಅದರ ಕೊಳವೆಗಳು ಹಳೆಯದಾಗಿರಬಹುದು. ಶಾಖದಿಂದ ಹೊರಪದರ ಗಡುಸಾಗಿ ಬಿರಿಯುತ್ತದೆ. ಎಂಜಿನ್ ಆಯಿಲ್ ತಗುಲಿದರೆ ಇಪಿಡಿಎಂ ಉಬ್ಬಿ ಮೆತ್ತಗಾಗುತ್ತದೆ. ಲೋಹದ ಅಂಚಿಗೆ ಉಜ್ಜಿಕೊಳ್ಳುವ ಕಡೆಗಳಲ್ಲಿ ಕೊಳವೆ ತೆಳುವಾಗುತ್ತದೆ.

ಕೂಲಂಟ್, ರಬ್ಬರ್ ಮತ್ತು ಲೋಹದ ಜೋಡಣೆಗಳು ಸೇರಿ ವಿದ್ಯುತ್ ಕೋಶದಂತೆ ವರ್ತಿಸುವುದರಿಂದ ಒಳಪದರದಲ್ಲಿ ಸೂಕ್ಷ್ಮ ಬಿರುಕುಗಳು ಉಂಟಾಗುತ್ತವೆ. ಇದನ್ನು ವಿದ್ಯುದ್ರಾಸಾಯನಿಕ ಸವಕಳಿ ಎನ್ನಲಾಗುತ್ತದೆ. ಇದು ಮುಖ್ಯವಾಗಿ ಕೊಳವೆಯ ತುದಿಗಳಲ್ಲಿ ಕಂಡುಬರುತ್ತದೆ. ಹೊರನೋಟಕ್ಕೆ ಕೊಳವೆ ಚೆನ್ನಾಗಿಯೇ ಕಾಣುವುದರಿಂದ, ತಣ್ಣಗಿರುವಾಗ ತುದಿಯನ್ನೂ ನಡುಭಾಗವನ್ನೂ ಅದುಮಿ ಹೋಲಿಸಿ ನೋಡಲಾಗುತ್ತದೆ. ತುದಿ ಹೆಚ್ಚು ಮೃದುವಾಗಿದ್ದರೆ ಅಥವಾ ಒಳಗೆ ಸೀಳುಗಳಿರುವಂತೆ ತೋರಿದರೆ ಆ ಕೊಳವೆಯನ್ನು ಬದಲಾಯಿಸಬೇಕು.

ಲಕ್ಷಣಗಳು ಮತ್ತು ಅಪಾಯ
ಒಳಾಂಗಣದಲ್ಲಿ ಸಿಹಿ ವಾಸನೆ, ಗಾಜಿನ ಒಳಮೈಯಲ್ಲಿ ಜಿಡ್ಡಿನ ಮಂಜು, ಮುಂಭಾಗದ ನೆಲಹಾಸಿನಲ್ಲಿ ತೇವ ಮತ್ತು ಪದೇಪದೇ ಕಡಿಮೆಯಾಗುವ ಕೂಲಂಟ್ ಮಟ್ಟ ಸೋರಿಕೆಯ ಲಕ್ಷಣಗಳಾಗಿವೆ. ಇದೇ ಲಕ್ಷಣಗಳು ಹೀಟರ್ ಕೋರ್ ಸೋರಿದಾಗಲೂ ಕಾಣುವುದರಿಂದ ಎರಡನ್ನೂ ಪರೀಕ್ಷಿಸಬೇಕಾಗುತ್ತದೆ. ಕೂಲಂಟ್ ಪೂರ್ತಿ ಸೋರಿಹೋದ ಬಳಿಕ ಎಂಜಿನ್ ಓಡಿಸಿದರೆ ಸಿಲಿಂಡರ್ ಹೆಡ್ ಬಾಗಬಹುದು. ಹೀಟರ್ ಕೆಲಸ ಮಾಡದಿದ್ದರೆ ಚಳಿಗಾಲದಲ್ಲಿ ಗಾಜಿನ ಮೇಲಿನ ಹಿಮ ಕರಗದೆ ಚಾಲಕನಿಗೆ ರಸ್ತೆ ಕಾಣದಂತಾಗುತ್ತದೆ.

ಬದಲಾಯಿಸುವ ವಿಧಾನ
ಎಂಜಿನ್ ಸಂಪೂರ್ಣವಾಗಿ ತಣ್ಣಗಾದ ಬಳಿಕವೇ ಕೆಲಸ ಆರಂಭಿಸಲಾಗುತ್ತದೆ. ಒತ್ತಡದಲ್ಲಿರುವ ಬಿಸಿ ಕೂಲಂಟ್‌ನ ಮುಚ್ಚಳ ತೆರೆದರೆ ತೀವ್ರ ಸುಟ್ಟಗಾಯಗಳಾಗುತ್ತವೆ. ಚಕ್ರಗಳಿಗೆ ತಡೆಗಳನ್ನಿಟ್ಟು, ಚಾಸಿಗೆ ಗಟ್ಟಿಯಾದ ಆಧಾರಸ್ತಂಭಗಳನ್ನು ಕೊಡದೆ ವಾಹನದಡಿ ಹೋಗಬಾರದು. ಮಟ್ಟಮಾಡುವ ಜ್ಯಾಕ್‌ಗಳನ್ನಾಗಲಿ ಗಾಳಿಚೀಲಗಳನ್ನಾಗಲಿ ಮಾತ್ರ ನಂಬುವುದು ಪ್ರಾಣಾಪಾಯಕಾರಿ.

ಕೂಲಂಟನ್ನು ಪಾತ್ರೆಗೆ ಇಳಿಸಿ, ಕೊಳವೆಗಳ ಹಾದಿಯನ್ನು ಗುರುತಿಸಿಕೊಳ್ಳಲಾಗುತ್ತದೆ. ಹೀಟರ್ ಕೋರ್‌ನ ನಳಿಕೆಗಳು ತೆಳು ಲೋಹದವಾದ್ದರಿಂದ ಅಂಟಿಕೊಂಡ ಕೊಳವೆಯನ್ನು ತಿರುಚಿ ಎಳೆಯದೆ, ನಳಿಕೆಗೆ ಗೀರು ಬೀಳದಂತೆ ಉದ್ದಕ್ಕೆ ಸೀಳಿ ಬಿಡಿಸಲಾಗುತ್ತದೆ. ಉದ್ದನೆಯ ಕೊಳವೆಗಳಲ್ಲಿ ಹೊಸದರ ತುದಿಯನ್ನು ಹಳೆಯದಕ್ಕೆ ಜೋಡಿಸಿ ಎಳೆದರೆ ಹಾದಿ ಸುಲಭವಾಗುತ್ತದೆ. ಹೊಸ ಕೊಳವೆಯು ಎಕ್ಸಾಸ್ಟ್ ಪೈಪ್‌ನಿಂದ ದೂರವಿರಬೇಕು, ತಿರುವುಗಳಲ್ಲಿ ಮಡಿಚಿಕೊಳ್ಳಬಾರದು ಹಾಗೂ ಲೋಹದ ರಂಧ್ರಗಳಲ್ಲಿ ರಬ್ಬರ್ ಬಳೆಯ ಮೂಲಕ ಹಾದುಹೋಗಬೇಕು. ಹಳೆಯ ಕ್ಲಾಂಪ್‌ಗಳನ್ನೂ ಸಾಮಾನ್ಯವಾಗಿ ಇದೇ ವೇಳೆ ಬದಲಾಯಿಸಲಾಗುತ್ತದೆ.

ತಯಾರಕರು ಸೂಚಿಸಿದ ಕೂಲಂಟನ್ನೇ ತುಂಬಿ, ಹೀಟರನ್ನು ಗರಿಷ್ಠ ಶಾಖಕ್ಕಿಟ್ಟು ಎಂಜಿನ್ ಚಾಲನೆ ಮಾಡಿ ಒಳಗಿನ ಗಾಳಿಯನ್ನು ಹೊರಹಾಕಲಾಗುತ್ತದೆ. ಉದ್ದನೆಯ ವ್ಯವಸ್ಥೆಯಲ್ಲಿ ಎತ್ತರದ ಭಾಗಗಳಲ್ಲಿ ಗಾಳಿ ಸಿಲುಕಿದರೆ ಹೀಟರ್ ತಣ್ಣನೆಯ ಗಾಳಿಯನ್ನೇ ಬೀಸುತ್ತದೆ. ಎಂಜಿನ್ ತಣ್ಣಗಾದ ನಂತರ ಕೂಲಂಟ್ ಮಟ್ಟವನ್ನೂ ಕ್ಲಾಂಪ್‌ಗಳ ಬಿಗಿಯನ್ನೂ ಮತ್ತೊಮ್ಮೆ ಪರೀಕ್ಷಿಸಲಾಗುತ್ತದೆ.

ವಿಲೇವಾರಿ
ಬಹುತೇಕ ಕೂಲಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷಕಾರಿ. ಅದರ ರುಚಿ ಸಿಹಿಯಾಗಿರುವುದರಿಂದ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅಪಾಯ ಹೆಚ್ಚು. ಹಳೆಯ ದ್ರವವನ್ನು ನೆಲಕ್ಕಾಗಲಿ ಚರಂಡಿಗಾಗಲಿ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು.